ಮನೆ ಉಳಿದ ಮೇಲೆ ಉಳಿಯಬೇಕಾದದ್ದು

ತೇವಾರಂ, ಕೋಂಬೈ, ಕಂಬಂ ಕಡೆಯಿಂದ ಕನ್ನಡ ನಾಡಿನ ಪ್ರವಾಸಕ್ಕೆ ಹೊರಡುವ ನಮ್ಮ ಕುಟುಂಬಗಳು ಹಿಡಿಯುವ ದಾರಿ ಎಲ್ಲರಿಗೂ ತಿಳಿದದ್ದೇ. ಮೈಸೂರಿನ ಅರಮನೆ, ಚಾಮುಂಡಿ ಬೆಟ್ಟ, ಶೃಂಗೇರಿ, ಧರ್ಮಸ್ಥಳ. ಕೆಲವರು ಈ ದಾರಿಯನ್ನು ಇನ್ನಷ್ಟು ಬೆಳೆಸಿ ಕುಪ್ಪಳಿಯ ಕವಿಮನೆಗೂ, ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣರ ಮನೆಗೂ, ಧಾರವಾಡದ ಸಾಧನಕೇರಿಗೂ ಹೋಗಿ ಬರುತ್ತಾರೆ. ದೊಡ್ಡವರ ಮನೆಗಳನ್ನು ನೋಡುವುದು ಒಳ್ಳೆಯ ಅಭ್ಯಾಸ. ಆದರೆ ದೇವಸ್ಥಾನಕ್ಕೆ ಹೋದಂತೆ ಕೈಮುಗಿದು ಬಂದುಬಿಟ್ಟರೆ ಆ ನೋಟ ಪೂರ್ತಿಯಾಗದು. ಕಾವ್ಯವನ್ನು ಓದಿ ಇದರಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಎಂದು ಕೇಳುವ ನಾವು, ಕಾಪಿಟ್ಟ ಮನೆಯನ್ನೂ ಹಾಗೆಯೇ ಓದಬಹುದು. ಯಾವ ಕೋಣೆ ಉಳಿಯಿತು, ಯಾರ ಕೋಣೆ ಉಳಿಯಲಿಲ್ಲ? ಗೋಡೆಯ ಮೇಲೆ ಏನು ತೂಗುತ್ತಿದೆ? ಆ ಮನೆಯೊಳಗೆ ಯಾವ ಭಾಷೆ ಆಡುತ್ತಿದ್ದರು? ಈ ಕೊನೆಯ ಪ್ರಶ್ನೆ ಬೇರೆಯವರಿಗೆ ಸಣ್ಣದಾಗಿ ಕಂಡೀತು. ಶಾಲೆಯೂ ಸಂತೆಯೂ ಕಚೇರಿಯೂ ತಮಿಳಿನಲ್ಲಿ ನಡೆದು, ಕನ್ನಡ ಕೇವಲ ಮನೆಯೊಳಗಿನ ಮಾತಾಗಿ ಉಳಿದಿರುವ ನಮ್ಮಂಥವರಿಗೆ ಅದೇ ಮೊದಲ ಪ್ರಶ್ನೆ.

ಕುಪ್ಪಳಿಯಿಂದಲೇ ತೊಡಗೋಣ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಈ ಮನೆ, 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಬಾಲ್ಯವನ್ನು ಕಳೆದ ಪೂರ್ವಿಕರ ಮನೆ. ಮಲೆನಾಡಿನ ದೊಡ್ಡ ಹೆಂಚಿನ ಮನೆ, ನಡುವೆ ತೆರೆದ ಅಂಗಳ, ಸುತ್ತಲೂ ಮರದ ಕಂಬಗಳ ಸಾಲು. ಶಿಥಿಲವಾಗಿದ್ದ ಇದನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಮತ್ತೆ ಎತ್ತಿ ನಿಲ್ಲಿಸಿದೆ. ಒಳಗೆ ಕವಿಯ ಪುಸ್ತಕಗಳು, ಛಾಯಾಚಿತ್ರಗಳು, ಪ್ರಶಸ್ತಿಗಳು. ಜೊತೆಗೆ ಹಳೆಯ ಕಾಲದ ಅಡಿಗೆಯ ಪಾತ್ರೆಗಳು, ಬೇಸಾಯದ ಸಲಕರಣೆಗಳು. ಹಿಂದಿನ ಗುಡ್ಡವೇ ಕವಿಶೈಲ. 1994ರಲ್ಲಿ ಕವಿಯ ದೇಹವನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಕುವೆಂಪು, ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಅವರು ಅಲ್ಲಿಯ ಬಂಡೆಯೊಂದರ ಮೇಲೆ ಕೊರೆದ ಹಸ್ತಾಕ್ಷರಗಳು ಇಂದಿಗೂ ಇವೆ.

ಕನ್ನಡದ ಲೇಖಕರ ಮನೆಗಳಲ್ಲಿ ಇದು ಅತ್ಯಂತ ಶ್ರದ್ಧೆಯಿಂದ ಕಾಪಾಡಿದ್ದೆಂದು ಹೇಳಲು ಸಂಕೋಚವಿಲ್ಲ. ಮನೆಯನ್ನು ಅದರ ಕಾಡಿನಿಂದ ಬೇರ್ಪಡಿಸಿ ನೋಡದಿರುವುದು ಅದರ ದೊಡ್ಡ ಗುಣ. ಕವಿಗೆ ಮನೆ ಎಷ್ಟು ಮುಖ್ಯವಾಗಿತ್ತೋ ಗುಡ್ಡವೂ ಅಷ್ಟೇ ಮುಖ್ಯವಾಗಿತ್ತೆಂಬುದು ನೋಡುವವರಿಗೆ ನಡೆದೇ ತಿಳಿಯುತ್ತದೆ. 2015ರಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದಾಗ ನಾಡೆಲ್ಲ ನೊಂದುಕೊಂಡಿತು. ಆ ನೋವು ನ್ಯಾಯವಾದದ್ದೇ. ಆದರೂ ಪದಕ ಹೋದ ಮೇಲೆಯೂ ಕುಪ್ಪಳಿ ಕುಪ್ಪಳಿಯಾಗಿಯೇ ಉಳಿಯಿತು. ಅಂಗಳ, ಕಂಬ, ಅಡಿಗೆಮನೆ, ಗುಡ್ಡ ಇವುಗಳಲ್ಲಿ ಯಾವುದಾದರೂ ಹೋಗಿದ್ದರೆ ಹಾಗೆ ಹೇಳಲಾಗುತ್ತಿರಲಿಲ್ಲ.

ಇಷ್ಟನ್ನು ಮೆಚ್ಚಿಕೊಂಡು ಒಂದು ಆಕ್ಷೇಪವನ್ನೂ ಮುಂದಿಡಬೇಕು. ಕುಪ್ಪಳಿಯಲ್ಲಿ ಉಳಿದಿರುವುದು ಒಡೆಯರ ಮನೆ. 1967ರಲ್ಲಿ ಹೊರಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಇಂಥ ಮನೆಗಳೊಡನೆ ಇನ್ನೊಂದು ಬಗೆಯ ವಸತಿಯೂ ಇದೆ. ಅದು ಜೀತದಾಳುಗಳ ಬಿಡಾರ. ಗುತ್ತಿ, ತಿಮ್ಮಿ ಮತ್ತು ಹುಲಿಯನೆಂಬ ನಾಯಿ ಕಾದಂಬರಿಯ ಅಂಚಿನಲ್ಲಿ ನಿಂತವರಲ್ಲ. ಕಥೆಯನ್ನು ಹೊತ್ತು ನಡೆಯುವವರೇ ಅವರು. ಕಾದಂಬರಿಕಾರ ಕುವೆಂಪು ಬಿಡಾರಕ್ಕೂ ಹೆಗ್ಗಡೆಯ ಮನೆಗೂ ಸಮನಾದ ಬೆಳಕು ಕೊಟ್ಟರು. ಸ್ಮಾರಕಕ್ಕೆ ಅದು ಸಾಧ್ಯವಾಗಿಲ್ಲ. ಹುಲ್ಲಿನ ಮಾಡು, ಮಣ್ಣಿನ ಗೋಡೆ ಮಳೆಗೆ ಕರಗಿಹೋಗುತ್ತವೆ. ಹೆಂಚು ಮತ್ತು ಸಾಗುವಾನಿ ನಿಲ್ಲುತ್ತವೆ. ಆದ್ದರಿಂದ ಮನೆಗಳನ್ನು ಕಾಪಾಡುವ ಕೆಲಸವೆಲ್ಲ ತಾನಾಗಿಯೇ ಉಳ್ಳವರ ಕಡೆಗೆ ವಾಲುತ್ತದೆ. ಕುಪ್ಪಳಿಗೆ ಹೋಗುವವರು ಕಾದಂಬರಿಯನ್ನೂ ಜೊತೆಗೆ ಒಯ್ಯಬೇಕು. ಮನೆ ಮರೆತದ್ದನ್ನು ಪುಸ್ತಕ ನೆನಪಿನಲ್ಲಿಟ್ಟಿದೆ.

ಇನ್ನು ಭಾಷೆಯ ಪ್ರಶ್ನೆ. ಧಾರವಾಡದ ಸಾಧನಕೇರಿಯಲ್ಲಿ ದ. ರಾ. ಬೇಂದ್ರೆಯವರ ಮನೆ ‘ಶ್ರೀಮಾತಾ’ ಇದೆ, ಅದರ ಬಳಿಯಲ್ಲಿಯೇ ಬೇಂದ್ರೆ ಭವನವೂ ಇದೆ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರ ಮನೆಮಾತು ಮರಾಠಿ. ಅವರ ಕನ್ನಡ ಕೇರಿಯ ಮಾತಿನಿಂದ, ಸಂತೆಯಿಂದ, ಜನಪದರ ಬಾಯಿಯಿಂದ ಬಂದದ್ದು. 1973ರಲ್ಲಿ ‘ನಾಕುತಂತಿ’ಗೆ ಜ್ಞಾನಪೀಠ ಬಂದಾಗ ಅದು ಕನ್ನಡಕ್ಕೆ ಬಂದ ಗೌರವವೆಂದೇ ಎಲ್ಲರೂ ಎಣಿಸಿದರು, ಅವರ ಮನೆಮಾತನ್ನು ಯಾರೂ ಅಡ್ಡ ತರಲಿಲ್ಲ. 1983ರಲ್ಲಿ ‘ಚಿಕ್ಕವೀರ ರಾಜೇಂದ್ರ’ಕ್ಕಾಗಿ ಅದೇ ಪ್ರಶಸ್ತಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಅಂದಿನ ಮದರಾಸು ಸರ್ಕಾರ. 1956ರಲ್ಲಿ ಗಡಿಗಳು ಬದಲಾಗಿ ಮಂಜೇಶ್ವರ ಕೇರಳಕ್ಕೆ ಸೇರಿತು. ಕವಿ ಮಾತ್ರ ಅದೇ ಊರಿನಲ್ಲಿ ತಮ್ಮ ಗ್ರಂಥಗಳ ನಡುವೆ 1963ರವರೆಗೆ ಬಾಳಿದರು. ಅವರ ಮನೆಯಿದ್ದ ಆವರಣದಲ್ಲಿ ಇಂದು ಅವರದೇ ಕವನ ಸಂಕಲನದ ಹೆಸರು ಹೊತ್ತ ‘ಗಿಳಿವಿಂಡು’ ಸ್ಮಾರಕವಿದೆ.

ಈ ಮೂರು ಮನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕನ್ನಡ ಸಾಹಿತ್ಯದ ಹಿರಿಯ ಮನೆಗಳಲ್ಲಿ ಹಲವು ಒಳಗೊಂದು ಭಾಷೆ, ಹೊರಗೊಂದು ಭಾಷೆ ಆಡಿದ ಮನೆಗಳು. ಅವರ ಮನೆಯೊಳಗೆ ಮರಾಠಿ, ತಮಿಳು, ಕೊಂಕಣಿ, ಬೀದಿಯಲ್ಲಿ ಕನ್ನಡ. ನಮ್ಮ ಸ್ಥಿತಿ ಇದರ ತಿರುವು: ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಬೇಂದ್ರೆಯವರಿಗೆ ಬೀದಿ ಕೊಟ್ಟ ಕನ್ನಡವನ್ನು ನಮ್ಮ ಮಕ್ಕಳಿಗೆ ಅಜ್ಜಿಯಲ್ಲದೆ ಇನ್ನಾರೂ ಕೊಡಲಾರರು. ಆದರೆ ಈ ಸ್ಮಾರಕಗಳಿಗೆ ಹೋದವರಿಗೆ ಅಲ್ಲಿ ಎರಡು ಭಾಷೆಗಳ ಬದುಕು ಕಾಣುವುದು ಅಪರೂಪ. ಹಸ್ತಪ್ರತಿ, ಭಾವಚಿತ್ರ, ಸನ್ಮಾನ ಪತ್ರ ಎಲ್ಲವೂ ಕವಿಯ ಕನ್ನಡವನ್ನೇ ಹೇಳುತ್ತವೆ. ಊಟದ ಹೊತ್ತಿನಲ್ಲಿ ತಾಯಿ ಯಾವ ಮಾತಿನಲ್ಲಿ ಕರೆದಳೆಂಬುದನ್ನು ಅವು ಹೇಳವು. ಕವಿಯ ಸಾಧನೆಯ ಅರ್ಧದಷ್ಟು ಬೆರಗು ಅಲ್ಲಿಯೇ ಇರುವುದರಿಂದ ಇದನ್ನು ಕೊರತೆಯೆಂದೇ ಕರೆಯಬೇಕಾಗಿದೆ.

ಮೈಸೂರಿನ ಯಾದವಗಿರಿಯ ಮನೆಯ ಕಥೆ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಆರ್. ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ ಮದರಾಸಿನಲ್ಲಿ. ಮನೆಮಾತು ತಮಿಳು, ಬರೆವಣಿಗೆ ಇಂಗ್ಲಿಷು, ಬದುಕಿನ ಬಹುಭಾಗ ಮೈಸೂರು. ಯಾದವಗಿರಿಯಲ್ಲಿ ತಾವೇ ಕಟ್ಟಿಸಿದ ಮನೆಯ ಮಾಳಿಗೆಯ ಮೇಲೆ ಎಂಟು ಕಿಟಕಿಗಳ ಕೋಣೆಯೊಂದನ್ನು ಬರೆಯುವುದಕ್ಕಾಗಿಯೇ ಮಾಡಿಸಿಕೊಂಡಿದ್ದರು. 2011ರಲ್ಲಿ ಆ ಮನೆಯನ್ನು ಕೆಡಹುವ ಕೆಲಸ ಆರಂಭವಾಗಿಯೇ ಬಿಟ್ಟಿತ್ತು. ಸಾರ್ವಜನಿಕರು ಪ್ರತಿಭಟಿಸಿದ ಮೇಲೆ ಕೆಲಸ ನಿಂತಿತು. ಮುಂದೆ ಮೈಸೂರು ಮಹಾನಗರ ಪಾಲಿಕೆಯ ಕೈಗೆ ಬಂದು, ದುರಸ್ತಿಯಾಗಿ, 2016ರ ಜುಲೈನಲ್ಲಿ ಜನರಿಗಾಗಿ ತೆರೆಯಿತು. ನಡುವೆ ಕೆಲವು ಕನ್ನಡ ಲೇಖಕರು ಇದನ್ನು ವಿರೋಧಿಸಿದರು. ಕನ್ನಡದಲ್ಲಿ ಒಂದಕ್ಷರವನ್ನೂ ಬರೆಯದವರ ಮನೆಗೆ ಸಾರ್ವಜನಿಕ ಹಣವೇಕೆ ಎಂಬುದು ಅವರ ವಾದ.

ಈ ವಾದವನ್ನು ತಳ್ಳಿಹಾಕುವ ಮೊದಲು ಅದರೊಳಗಿನ ನ್ಯಾಯವನ್ನು ಒಪ್ಪಬೇಕು. ಕನ್ನಡದಲ್ಲಿ ಬರೆದ ಎಷ್ಟೋ ಮಂದಿ ಹಿರಿಯರ ಮನೆಗಳು ಗುರುತೇ ಇಲ್ಲದಂತೆ ಹೋಗಿರುವಾಗ, ಜಗತ್ತು ಈಗಾಗಲೇ ಬಲ್ಲ ಲೇಖಕನ ಮನೆಗೆ ಮೊದಲು ಕೈಯಿಟ್ಟದ್ದು ನೋವು ತಂದರೆ ಆಶ್ಚರ್ಯವಿಲ್ಲ. ಆದರೆ ‘ಆತ ನಮ್ಮ ಭಾಷೆಯವನಲ್ಲ’ ಎಂಬ ಕಾರಣವನ್ನು ಮಾತ್ರ ನಾವು, ತಮಿಳುನಾಡಿನ ಕನ್ನಡಿಗರು, ಒಪ್ಪಲಾರೆವು. ಅದೇ ಅಳತೆಗೋಲನ್ನು ತೇಣಿ, ದಿಂಡಿಗಲ್ ಜಿಲ್ಲೆಗಳಲ್ಲಿ ನಮ್ಮ ಮೇಲೆ ಹಿಡಿದರೆ ನಮ್ಮ ಹಿರಿಯರು ಇಲ್ಲಿ ಉತ್ತ ಹೊಲ, ಕಟ್ಟಿದ ಗುಡಿ, ತೋಡಿದ ಬಾವಿ ಯಾವುದಕ್ಕೂ ಲೆಕ್ಕವಿರುವುದಿಲ್ಲ. ನೆಲದಲ್ಲಿ ಬಾಳಿದವರು ಆ ನೆಲದ ನೆನಪಿಗೂ ಸೇರಿದವರು. ಮೈಸೂರು ತಮಿಳು ಮನೆಮಾತಿನ ಲೇಖಕನಿಗೆ ಈ ನ್ಯಾಯವನ್ನು ಸಲ್ಲಿಸಿದೆ. ಅತ್ತ ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ಸಂಘಕಾಲದ ಗ್ರಂಥಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಉ. ವೇ. ಸ್ವಾಮಿನಾಥ ಅಯ್ಯರ್ ಬಾಳಿದ್ದ ‘ತ್ಯಾಗರಾಜ ವಿಲಾಸ’ 2012ರಲ್ಲಿ ನೆಲಸಮವಾಯಿತು. ಸ್ವಂತ ಭಾಷೆಯವರೆಂಬ ಕಾರಣಕ್ಕೇ ಮನೆ ಉಳಿಯುತ್ತದೆಂದು ನಂಬುವುದಕ್ಕೆ ಈ ಉದಾಹರಣೆ ಸಾಕಷ್ಟು ಎಚ್ಚರಿಕೆ ಕೊಡುತ್ತದೆ.

ಯಾದವಗಿರಿಯ ಮನೆಯನ್ನು ಸ್ಮಾರಕವಾಗಿ ಅಳೆದರೆ ಅದಕ್ಕೊಂದು ಮಿತಿಯೂ ಇದೆ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಈ ಮನೆ ಕಟ್ಟುವುದಕ್ಕಿಂತ ಬಹಳ ಮೊದಲಿನದು. 1958ರ ‘ದಿ ಗೈಡ್’ ಬರೆದದ್ದು ಅಮೆರಿಕದ ಬರ್ಕ್ಲಿಯಲ್ಲಿದ್ದಾಗ. ಮಾಲ್ಗುಡಿ ಹುಟ್ಟಿದ ಕೋಣೆ ಇದೇ ಎಂದು ಬೆರಳು ತೋರಿಸಲು ಇಲ್ಲಿ ಬರುವುದಿಲ್ಲ. ಹೆಚ್ಚು ಜನರಿಗೆ ಮಾಲ್ಗುಡಿಯ ಮನೆಯೆಂದರೆ ಆಗುಂಬೆಯ ದೊಡ್ಡಮನೆ. ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ ಆ ಮನೆಯಲ್ಲಿ ನಾರಾಯಣ್ ಎಂದೂ ವಾಸಿಸಿದವರಲ್ಲ. ಆದರೂ ಅದರ ಜಗಲಿಯ ಮೇಲೆ ಕೂತವರಿಗೆ ಸ್ವಾಮಿಯ ನೆನಪಾಗದಿರದು. ಕಲೆಯಿಂದ ಹುಟ್ಟಿದ ಈ ನೆನಪು ಸುಳ್ಳಲ್ಲ. ಏಕೆಂದರೆ ಅದು ತನ್ನನ್ನು ಲೇಖಕನ ಮನೆಯೆಂದು ಹೇಳಿಕೊಳ್ಳುವುದಿಲ್ಲ.

ಹೇಳಿಕೊಳ್ಳುವಾಗ ಸತ್ಯವಿರಬೇಕೆಂಬ ಪಾಠ ನಮಗೆ ಬಲು ಹತ್ತಿರದಲ್ಲಿಯೇ ದೊರೆತಿದೆ. ನಮ್ಮ ಕಣಿವೆಯ ಗದ್ದೆಗಳಿಗೆ ನೀರು ತಂದ ಮುಲ್ಲೈಪೆರಿಯಾರ್ ಅಣೆಕಟ್ಟನ್ನು 1895ರಲ್ಲಿ ಪೂರೈಸಿದ ಜಾನ್ ಪೆನ್ನಿಕ್ವಿಕ್ ಅವರ ಹೆಸರನ್ನು ಇಲ್ಲಿ ಮಕ್ಕಳಿಗೆ ಇಡುತ್ತಾರೆ. ಅವರ ಹುಟ್ಟುಹಬ್ಬವಾದ ಜನವರಿ 15ರಂದು ಪಾಲಾರ್‌ಪಟ್ಟಿಯಲ್ಲಿ ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. 2013ರಲ್ಲಿ ಲೋವರ್ ಕ್ಯಾಂಪಿನಲ್ಲಿ ಅವರಿಗೆ ಮಣಿಮಂಟಪವೂ ಆಯಿತು. ಅದು ಅವರು ವಾಸಿಸಿದ ಮನೆಯಲ್ಲ, ಕೃತಜ್ಞತೆಯಿಂದ ಹೊಸದಾಗಿ ಕಟ್ಟಿದ ಮಂಟಪ. ಹಾಗೆಂದು ಬಚ್ಚಿಡದೆ ನಿಂತಿದೆ. 2021ರಲ್ಲಿ ಮದುರೆಯಲ್ಲಿ ದೊಡ್ಡ ಗ್ರಂಥಾಲಯಕ್ಕಾಗಿ ಲೋಕೋಪಯೋಗಿ ಇಲಾಖೆಯ ಹಳೆಯ ಕಟ್ಟಡವೊಂದನ್ನು ತೆಗೆಯಲು ಹೊರಟಾಗ, ಅದು ಪೆನ್ನಿಕ್ವಿಕ್ ವಾಸಿಸಿದ ಮನೆಯೆಂಬ ಕೂಗು ಎದ್ದಿತು. ಅವರು ತೀರಿಕೊಂಡದ್ದು 1911ರಲ್ಲಿ, ಕಟ್ಟಡ ಪೂರ್ತಿಯಾದದ್ದು 1913ರಲ್ಲಿ ಎಂದು ಸರ್ಕಾರ ಉತ್ತರಿಸಿತು. ಗ್ರಂಥಾಲಯ 2023ರಲ್ಲಿ ತೆರೆಯಿತು. ಕೂಗೆತ್ತಿದವರ ಪ್ರೀತಿಯನ್ನು ಶಂಕಿಸಬೇಕಾಗಿಲ್ಲ; ಆದರೆ ದಾಖಲೆಯ ಆಸರೆಯಿಲ್ಲದ ಪ್ರೀತಿ ಒಂದು ತಾರೀಖಿನ ಮುಂದೆ ನಿಲ್ಲಲಾರದೆ ಹೋಗುತ್ತದೆ.

ಹಾಗಾದರೆ ನಮ್ಮವರ ಮನೆ ಯಾವುದು? ಬೇಸಾಯದ ಕಪ್ಪಿಲಿಯರು, ಮಗ್ಗದ ದೇವಾಂಗರು, ದಿಂಡಿಗಲ್ ಕಡೆಯ ಅನುಪ್ಪರು, ಹೀಗೆ ಹಲವು ಹೆಸರಿನಿಂದ ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಈ ಭಾಗದಲ್ಲಿವೆ. ಕೋಂಬೈ ಮತ್ತು ತೇವಾರಂ ಪಾಳೆಯಗಳೂ ಕನ್ನಡ ಮಾತಿನ ಮನೆತನಗಳ ಕೈಯಲ್ಲಿದ್ದವು. ಆದರೆ ಇಲ್ಲಿ ಕವಿಯ ಮನೆಯೆಂದು ಫಲಕ ಹಾಕಲು ನಮಗೆ ಅಚ್ಚಾದ ಕಾವ್ಯವಿಲ್ಲ. ನಮ್ಮ ಕನ್ನಡ ಲಿಪಿಯಿಂದ ದೂರವುಳಿದು ಬಾಯಿಂದ ಬಾಯಿಗೆ ಬಂದದ್ದು. ಪಾಳೆಯಗಾರರ ಮನೆಗಳನ್ನೇ ಹಿಡಿದು ಹೊರಟರೆ ಕುಪ್ಪಳಿಯಲ್ಲಿ ಕಂಡ ಕೊರತೆ ಇಲ್ಲಿಯೂ ಬರುತ್ತದೆ. ಒಡೆಯರ ಗೋಡೆ ಉಳಿದು ಒಕ್ಕಲಿನ ಮಾತು ಹೋಗುತ್ತದೆ.

ನನ್ನ ದೃಷ್ಟಿಯಲ್ಲಿ ನಮ್ಮ ಅತ್ಯಂತ ಮುಖ್ಯವಾದ ಸ್ಮಾರಕವು ಮನುಷ್ಯರು ವಾಸಿಸುವ ಮನೆಯೇ ಅಲ್ಲ. ಅದು ಕಂಬದ ನಂದಗೋಪಾಲ ಸ್ವಾಮಿಯ ದೊಡ್ಡಿ, ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನ್ನುವ ದೇವರ ದನಗಳ ತಾಣ. 1909ರಲ್ಲಿ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಈ ಮಂದೆಯ ವಿವರವಿದೆ. ಆಗ ಅದರಲ್ಲಿ ಸುಮಾರು 150 ದನಗಳಿದ್ದವು. ಅವುಗಳಲ್ಲಿ ಕೆಲವು ಹಿರಿಯರು ಕನ್ನಡ ನಾಡಿನಿಂದ ಹೊಡೆದುಕೊಂಡು ಬಂದ ದನಗಳ ಸಂತತಿಯೆಂಬ ನಂಬಿಕೆಯಿತ್ತು. ಹಸುಗಳ ಹಾಲು ಕರೆಯುತ್ತಿರಲಿಲ್ಲ. ಸತ್ತ ದನವನ್ನು ಹೂಳುತ್ತಿದ್ದರು. ಮಂದೆಗೊಬ್ಬ ಅರಸನನ್ನು ಆರಿಸುವ ದಿನ ದನಗಳ ಮುಂದೆ ಕಬ್ಬಿನ ಕಟ್ಟೊಂದನ್ನು ಇಡುವರು. ಅದಕ್ಕೆ ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ.

ಈ ವಿವರಗಳೆಲ್ಲ ಸೊಗಸಾದವು. ಆದರೆ ಸಾಹಿತ್ಯದ ಓದುಗರು ನಿಂತು ನೋಡಬೇಕಾದದ್ದು ಅಲ್ಲಿ ದಾಖಲಾದ ಎರಡು ಹೆಸರುಗಳನ್ನು. ಮಂದೆಯ ಹೆಸರು ‘ದೇವರು ಆವು’, ಅದರ ಅರಸನ ಹೆಸರು ‘ಪಟ್ಟದ ಆವು’. ದನಕ್ಕೆ ‘ಆವು’ ಎಂಬುದು ಹಳೆಯ ಕನ್ನಡ ಶಬ್ದ. ಇಂದಿನ ಬೆಂಗಳೂರಿನ ಮಾತಿನಲ್ಲಿ ಅದನ್ನು ಕೇಳುವುದು ಕಷ್ಟ, ನಿಘಂಟಿನಲ್ಲಿ ಹುಡುಕಬೇಕು. ಇನ್ನು ‘ಪಟ್ಟದ’ ಎಂಬಲ್ಲಿಯ ‘ದ’ವನ್ನು ಗಮನಿಸಿ. ಪಟ್ಟದ ಆನೆ, ಪಟ್ಟದ ರಾಣಿ ಎನ್ನುವಾಗ ಬರುವ ಅಚ್ಚ ಕನ್ನಡದ ಷಷ್ಠೀ ಪ್ರತ್ಯಯವದು. ತಮಿಳಾಗಿದ್ದರೆ ಅದು ‘ಪಟ್ಟತ್ತು’ ಎಂದಾಗುತ್ತಿತ್ತು. ಸುತ್ತ ನಾಲ್ಕೂ ಕಡೆ ತಮಿಳು ಆಡುವ ಊರಿನಲ್ಲಿ, ಬರೆದಿಡುವವರಿಲ್ಲದೆ, ಶಾಲೆಯಿಲ್ಲದೆ, ಒಂದು ವಿಭಕ್ತಿ ಪ್ರತ್ಯಯವು ಹೋರಿಯ ಹೆಸರನ್ನು ಹಿಡಿದುಕೊಂಡು ತಲೆಮಾರುಗಳನ್ನು ದಾಟಿ ಬಂದಿದೆ. ಅದನ್ನು ಕಾಪಾಡಿದವರು ಪಂಡಿತರಲ್ಲ, ದನ ಕಾಯುವವರು. ಶಬ್ದ ಉಳಿದದ್ದು ಏಕೆಂದರೆ ಕೆಲಸ ಉಳಿದಿತ್ತು. ಹೋರಿಗೆ ಪಟ್ಟ ಕಟ್ಟುವ ಪದ್ಧತಿ ಇರುವವರೆಗೆ ಹೆಸರನ್ನು ಕೂಗಲೇಬೇಕಾಗಿತ್ತು.

ಕವಿಮನೆಗಳನ್ನು ನೋಡಿ ಬಂದವರು ಈ ದೊಡ್ಡಿಯ ಮುಂದೆ ನಿಂತರೆ ಸ್ಮಾರಕಗಳನ್ನು ಅಳೆಯುವ ಅಳತೆಗೋಲೇ ಬದಲಾಗುತ್ತದೆ. ಕುಪ್ಪಳಿಯ ಅಡಿಗೆಮನೆಯಲ್ಲಿ ಪಾತ್ರೆಗಳು ಒರೆಸಿ ಹೊಳಪಾಗಿವೆ. ಅವುಗಳಲ್ಲಿ ಯಾರೂ ಅಡಿಗೆ ಮಾಡುವುದಿಲ್ಲ. ಕವಿಯ ಮನೆಗೆ ಅದರಿಂದ ನಷ್ಟವಿಲ್ಲ. ಕವಿಯ ಮಾತು ಪುಸ್ತಕದಲ್ಲಿ ಸುರಕ್ಷಿತವಾಗಿದೆ, ಕನ್ನಡ ನಾಡಿನ ಶಾಲೆಗಳಲ್ಲಿ ಮಕ್ಕಳು ಅದನ್ನು ಓದುತ್ತಾರೆ. ಬರೆಹವಿಲ್ಲದ ನಮ್ಮ ಮಾತಿಗೆ ಆ ಸೌಕರ್ಯವಿಲ್ಲ. ಪಾತ್ರೆ ಗಾಜಿನ ಪೆಟ್ಟಿಗೆಯೊಳಗೆ ಹೋದ ದಿನವೇ ಅದರ ಹೆಸರೂ ಬಾಯಿಂದ ಹೋಗುತ್ತದೆ. ಆದ್ದರಿಂದ ‘ನಮಗೂ ಒಂದು ಸ್ಮಾರಕ ಭವನ ಬೇಕು’ ಎಂಬ ಮಾತು ಕೇಳಿಬಂದಾಗ ನಾನು ಬೇಡವೆನ್ನುವುದಿಲ್ಲ, ಆದರೆ ಮೊದಲು ಆಗಬೇಕಾದದ್ದು ಅದಲ್ಲವೆನ್ನುತ್ತೇನೆ.

ಮೊದಲು ಆಗಬೇಕಾದ ಕೆಲಸಕ್ಕೆ ಹೆಚ್ಚು ಹಣ ಬೇಡ. ಬೇಸಾಯ, ದನಕರು, ಮಗ್ಗ, ಅಡಿಗೆ, ಮದುವೆ, ಸಾವು ಇವುಗಳಿಗೆ ಸೇರಿದ ಮಾತುಗಳನ್ನು ಹಿರಿಯರ ಬಾಯಿಂದಲೇ ಧ್ವನಿಮುದ್ರಿಸಿ, ಯಾವ ಊರು, ಯಾವ ವರ್ಷ ಎಂಬ ಗುರುತಿನೊಂದಿಗೆ ಬರೆದಿಡಬೇಕು. ಮದುರೆಯ ಕಟ್ಟಡದ ಪ್ರಸಂಗ ಹೇಳುವಂತೆ ತಾರೀಖಿಲ್ಲದ ಅಭಿಮಾನ ವಾದದಲ್ಲಿ ಸೋಲುತ್ತದೆ. ಒಡೆಯರ ಮನೆಯ ಮಾತನ್ನು ಬರೆದುಕೊಂಡಷ್ಟೇ ಎಚ್ಚರದಿಂದ ಕೂಲಿಯವರ ಮನೆಯ ಮಾತನ್ನೂ, ಗಂಡಸರ ಮಾತಿನಷ್ಟೇ ಹೆಂಗಸರ ಮಾತನ್ನೂ ಬರೆದುಕೊಳ್ಳಬೇಕು. ಮೈಸೂರು, ಬೆಂಗಳೂರಿನ ಪುಸ್ತಕದ ಕನ್ನಡಕ್ಕೆ ಹೋಲಿಸಿ ‘ನಮ್ಮದು ಕೆಟ್ಟ ಕನ್ನಡ’ ಎಂದು ನಾಚುವವರು ನಮ್ಮಲ್ಲಿ ಇದ್ದಾರೆ. ತಮಿಳು ಬೆರೆತ ನಮ್ಮ ಮಾತಿನಲ್ಲಿ, ಪುಸ್ತಕದವರು ಕಳೆದುಕೊಂಡ ‘ಆವು’ ಇದೆಯೆಂಬುದನ್ನು ಅವರು ತಿಳಿಯಬೇಕು. ಬೆರಕೆಯಾದದ್ದನ್ನು ತಿದ್ದಿ ಬರೆಯಬೇಕಾಗಿಯೂ ಇಲ್ಲ. ಬೆರಕೆಯೇ ನಮ್ಮ ಚರಿತ್ರೆ.

ಪ್ರವಾಸವನ್ನು ನಿಲ್ಲಿಸಬೇಕೆಂಬುದು ಈ ಲೇಖನದ ತಾತ್ಪರ್ಯವಲ್ಲ. ಮಕ್ಕಳನ್ನು ಕುಪ್ಪಳಿಗೆ, ಸಾಧನಕೇರಿಗೆ, ಮಂಜೇಶ್ವರಕ್ಕೆ ಅಗತ್ಯವಾಗಿ ಕರೆದೊಯ್ಯಿರಿ, ಅದರಲ್ಲಿಯೂ ಮಂಜೇಶ್ವರಕ್ಕೆ. ಗಡಿಯಾಚೆ ಉಳಿದುಹೋದ ಊರಿನಲ್ಲಿ ಕನ್ನಡ ಕವಿಯ ನೆನಪನ್ನು ಹೇಗೆ ಉಳಿಸಿಕೊಂಡಿದ್ದಾರೆಂಬುದನ್ನು ಅವರು ನೋಡಲಿ. ಹೊರಡುವ ಮುನ್ನ ಕಂಬದ ದೊಡ್ಡಿಯನ್ನೂ ತೋರಿಸಿ, ಹೋರಿಯ ಕನ್ನಡ ಹೆಸರನ್ನು ಮಗುವಿನ ಬಾಯಲ್ಲಿ ಒಮ್ಮೆ ಹೇಳಿಸಿ. ಆ ‘ದ’ ಇನ್ನೊಂದು ತಲೆಮಾರಿಗೆ ಸಲ್ಲುವುದೋ ಇಲ್ಲವೋ ಎಂಬುದು ಯಾವ ಸರ್ಕಾರದ, ಯಾವ ಪ್ರತಿಷ್ಠಾನದ ಕೈಯಲ್ಲಿಯೂ ಇಲ್ಲ. ಅದು ಇಂದು ರಾತ್ರಿ ನಮ್ಮ ಮನೆಯ ಊಟದ ಹೊತ್ತಿನಲ್ಲಿ ನಾವು ಮಕ್ಕಳನ್ನು ಯಾವ ಮಾತಿನಲ್ಲಿ ಕರೆಯುತ್ತೇವೆಂಬುದರ ಮೇಲೆ ನಿಂತಿದೆ.